ಕೈ ಬೀಸಿ ಕರೆದ ಆಟ

ಕೇರಂ ಬೋರ್ಡಿನ ಮುಂದೆ ಕುಳಿತವರನ್ನು ಒಮ್ಮೆ ಗಮನಿಸಿ. ಸ್ಟ್ರೈಕರ್ ಬೆರಳಿನಿಂದ ಹಾರಿದ ಕ್ಷಣಕ್ಕೆ ಆಡುವವನ ಕೆಲಸ ಮುಗಿಯಿತು. ಆಮೇಲೆ ಅವನು ಏನೇ ಮಾಡಿದರೂ ಕಾಯಿಯ ದಾರಿ ಬದಲಾಗುವುದಿಲ್ಲ. ಆದರೂ ಅವನ ಹೆಗಲು ಕಾಯಿ ಹೋದತ್ತ ವಾಲುತ್ತದೆ, ಕುತ್ತಿಗೆ ಕೊಂಕುತ್ತದೆ, ಕಾಯಿ ಗುಂಡಿಯ ಅಂಚಿನಲ್ಲಿ ನಿಂತರೆ ಗದ್ದವೇ ಮುಂದೆ ಬಂದು ಅದನ್ನು ಒಳಕ್ಕೆ ತಳ್ಳಲು ನೋಡುತ್ತದೆ. ಟಿವಿಯಲ್ಲಿ ಕ್ರಿಕೆಟ್ ನೋಡುವವರ ಪಾಡೂ ಇದೇ. 1990ರ ದಶಕದಲ್ಲಿ ಕ್ಯಾಸೆಟ್ ಹಾಕಿ ಆಡುವ ಟಿವಿ ಗೇಮುಗಳು ಮನೆಗಳಿಗೆ ಬಂದಾಗ, ಮಾರಿಯೋ ಹಳ್ಳ ದಾಟುವ ಹೊತ್ತಿಗೆ ಮಕ್ಕಳು ಕೈಯಲ್ಲಿದ್ದ ರಿಮೋಟನ್ನೇ ಗಾಳಿಗೆ ಎತ್ತುತ್ತಿದ್ದರು. ಎತ್ತಿದರೆ ಮಾರಿಯೋ ಒಂದು ಅಂಗುಲವೂ ಹೆಚ್ಚು ಹಾರುವುದಿಲ್ಲವೆಂದು ಗೊತ್ತಿದ್ದೂ ಎತ್ತುತ್ತಿದ್ದರು.

ಯಂತ್ರಕ್ಕೆ ಅದು ಕಾಣುತ್ತಿರಲಿಲ್ಲ. ಗುಂಡಿ ಒತ್ತಿದರೋ ಇಲ್ಲವೋ ಎಂಬುದಷ್ಟೇ ಅದಕ್ಕೆ ತಿಳಿಯುತ್ತಿತ್ತು. ಆಡುವವರ ಮೈ ಏನೇನೋ ಹೇಳುತ್ತಿತ್ತು, ಯಂತ್ರಕ್ಕೆ ಕಿವಿ ಇರಲಿಲ್ಲ. ಮೈಯ ಆ ಮಾತನ್ನು ಕೇಳಿಸಿಕೊಳ್ಳುವ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. 1989ರಲ್ಲೇ ಕೈಗವಸಿನಂಥ ಒಂದು ಸಾಧನ ಅಮೆರಿಕದ ಅಂಗಡಿಗಳಿಗೆ ಬಂದಿತ್ತು. ಅದು ಸರಿಯಾಗಿ ಮಾತು ಕೇಳಲಿಲ್ಲ, ಜನ ಮರೆತರು. ಮನೆಮನೆಯ ಮಟ್ಟದಲ್ಲಿ ಈ ಕೆಲಸ ಸಾಧ್ಯವಾದದ್ದು 2006ರಲ್ಲಿ, ಜಪಾನಿನ ನಿಂಟೆಂಡೊ ಕಂಪನಿಯ ‘ವೀ’ ಎಂಬ ಪುಟ್ಟ ಬಿಳಿಯ ಪೆಟ್ಟಿಗೆಯಿಂದ.

ನಿಂಟೆಂಡೊ ಎಂದರೆ ಕಂಪ್ಯೂಟರ್ ಯುಗದ ಕೂಸು ಎಂದು ಭಾವಿಸುವವರೇ ಹೆಚ್ಚು. ಆದರೆ ಅದು ಹುಟ್ಟಿದ್ದು 1889ರಲ್ಲಿ, ಕ್ಯೋಟೋ ನಗರದಲ್ಲಿ, ಇಸ್ಪೀಟಿನ ಎಲೆ ಮಾಡುವ ಅಂಗಡಿಯಾಗಿ. ಫುಸಾಜಿರೋ ಯಮಾವುಚಿ ಎಂಬಾತ ಅಲ್ಲಿ ‘ಹನಫುಡ’ ಎಂಬ ಎಲೆಗಳನ್ನು ಮಾಡಿಸುತ್ತಿದ್ದ. ಒಂದು ಕಟ್ಟಿನಲ್ಲಿ 48 ಎಲೆ. ವರ್ಷದ ಹನ್ನೆರಡು ತಿಂಗಳಿಗೂ ನಾಲ್ಕು ನಾಲ್ಕು. ಮಾರ್ಚಿಗೆ ಚೆರ್ರಿ ಹೂವು, ಸೆಪ್ಟೆಂಬರಿಗೆ ಸೇವಂತಿಗೆ, ಹೀಗೆ. ಅಂಕಿಗಳಿಲ್ಲದ, ಹೂವುಗಳ ಇಸ್ಪೀಟು ಅದು. ಈ ಎಲೆಗಳ ಮಾತು ಮುಂದೆ ಮತ್ತೊಮ್ಮೆ ಬರುತ್ತದೆ, ನೆನಪಿರಲಿ.

ಎಲೆ ಮಾಡುವ ಯಂತ್ರಗಳನ್ನು ನೋಡಿಕೊಳ್ಳಲೆಂದು 1965ರಲ್ಲಿ ಗುನ್‌ಪೇ ಯೊಕೋಯಿ ಎಂಬ ಯುವಕ ಆ ಕಾರ್ಖಾನೆಗೆ ಸೇರಿದ. ಬಿಡುವಿನಲ್ಲಿ ಅವನು ಅಡ್ಡಡ್ಡ ಪಟ್ಟಿಗಳನ್ನು ಜೋಡಿಸಿ, ಹಿಡಿ ಅದುಮಿದರೆ ಉದ್ದಕ್ಕೆ ಚಾಚಿಕೊಂಡು ದೂರದ ವಸ್ತುವನ್ನು ಕಚ್ಚಿ ಹಿಡಿಯುವ ಆಟಿಕೆಯೊಂದನ್ನು ಮಾಡಿಕೊಂಡಿದ್ದ. ಕಂಪನಿಯ ಅಧ್ಯಕ್ಷ ಹಿರೋಶಿ ಯಮಾವುಚಿ ಅದನ್ನು ಕಂಡ. ಕೆಲಸದ ಹೊತ್ತಿನಲ್ಲಿ ಆಟವೇ ಎಂದು ಬೈಯುವ ಬದಲು, ಇದನ್ನೇ ಮಾರಾಟಕ್ಕೆ ಸಿದ್ಧಪಡಿಸು ಎಂದ. 1966ರಲ್ಲಿ ಬಂದ ಆ ‘ಅಲ್ಟ್ರಾ ಹ್ಯಾಂಡ್’ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಮುಂದೆ ಯೊಕೋಯಿಯೇ ಗೇಮ್ ಬಾಯ್ ಎಂಬ ಕೈಯಾಟಿಕೆಯ ಜನಕನಾದ. ಅವನದೊಂದು ಸೂತ್ರವಿತ್ತು: ಹೊಸ ಆಟಕ್ಕೆ ಹೊಸ ತಂತ್ರಜ್ಞಾನವೇ ಬೇಕೆಂದಿಲ್ಲ, ಬಳಸಿ ಬಳಸಿ ಅಗ್ಗವಾದ, ಒಣಗಿ ಹೋದ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆ ಬಳಸಬೇಕು. ತೋಟದ ಒಣಗಿದ ಮಟ್ಟೆಯಲ್ಲೇ ಕ್ರಿಕೆಟ್ ಬ್ಯಾಟು ಕಾಣುವ ಹಳ್ಳಿಯ ಹುಡುಗರಿಗೆ ಈ ಸೂತ್ರವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಯೊಕೋಯಿ 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಸೂತ್ರ ಮಾತ್ರ ಕಂಪನಿಯಲ್ಲಿ ಉಳಿಯಿತು.

ಆ ಸೂತ್ರ ಮತ್ತೆ ನೆನಪಾಗುವ ಹೊತ್ತು ಬೇಗನೆ ಬಂತು. 2000ದ ನಂತರದ ವರ್ಷಗಳಲ್ಲಿ ನಿಂಟೆಂಡೊ ಸೋಲುತ್ತಿತ್ತು. ಸೋನಿಯ ಪ್ಲೇಸ್ಟೇಷನ್ 2 ಹದಿನೈದು ಕೋಟಿಗೂ ಹೆಚ್ಚು ಮಾರಾಟವಾದರೆ, ನಿಂಟೆಂಡೊದ ಗೇಮ್‌ಕ್ಯೂಬ್ ಹೋದದ್ದು ಎರಡು ಕೋಟಿ ಹದಿನೇಳು ಲಕ್ಷ. 2002ರಲ್ಲಿ ಅಧ್ಯಕ್ಷನಾದ ಸತೋರು ಇವಾತ ಮೂಲತಃ ಪ್ರೋಗ್ರಾಂ ಬರೆಯುವವನು. ಎದುರಾಳಿಗಳೆಲ್ಲ ಚಿತ್ರ ಇನ್ನಷ್ಟು ನುಣುಪಾಗಲಿ, ವೇಗ ಇನ್ನಷ್ಟು ಹೆಚ್ಚಲಿ ಎಂದು ಓಡುತ್ತಿದ್ದಾಗ ಆತ ಬೇರೆಯೇ ಪ್ರಶ್ನೆ ಕೇಳಿಕೊಂಡ. ಆಡುವವರು ಆಡುತ್ತಲೇ ಇದ್ದಾರೆ, ಸರಿ. ಆಡದವರು ಏಕೆ ಆಡುತ್ತಿಲ್ಲ? ಅಮ್ಮ ಏಕೆ ಆ ಪೆಟ್ಟಿಗೆಯನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಾಳೆ? ಅಜ್ಜ ಏಕೆ ರಿಮೋಟನ್ನು ಮುಟ್ಟಲು ಹೆದರುತ್ತಾನೆ?

ಕಾರಣ ಆ ರಿಮೋಟಿನಲ್ಲೇ ಇತ್ತು. ವರ್ಷ ವರ್ಷಕ್ಕೂ ಅದರ ಮೇಲೆ ಗುಂಡಿಗಳು ಹೆಚ್ಚುತ್ತಾ ಹೋಗಿ, ಎರಡೂ ಕೈಯ ಬೆರಳುಗಳು ಹಾರ್ಮೋನಿಯಂ ನುಡಿಸಿದಂತೆ ಓಡಾಡಬೇಕಿತ್ತು. ಕಲಿತವರಿಗೆ ಅದು ಸಲೀಸು, ಕಲಿಯದವರಿಗೆ ಕಬ್ಬಿಣದ ಕಡಲೆ. 2005ರ ಸೆಪ್ಟೆಂಬರಿನಲ್ಲಿ ಟೋಕಿಯೋದ ಮೇಳದಲ್ಲಿ ಇವಾತ ಹೊಸ ಸಾಧನವನ್ನು ಎತ್ತಿ ತೋರಿಸಿದಾಗ ಸೇರಿದ್ದವರು ಬೆರಗಾದರು. ಅದು ಟಿವಿ ರಿಮೋಟಿನಂತೆಯೇ ಇತ್ತು. ಒಂದೇ ಕೈಯಲ್ಲಿ ಹಿಡಿಯುವಂಥದ್ದು, ಬೆರಳೆಣಿಕೆಯ ಗುಂಡಿಗಳು. ಪೆಟ್ಟಿಗೆಯೂ ಮೂರು ಡಿವಿಡಿ ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಷ್ಟೇ ದಪ್ಪವಿರಬೇಕು ಎಂದು ಆತ ತನ್ನ ಎಂಜಿನಿಯರುಗಳಿಗೆ ಹೇಳಿದ್ದ. 2006ರ ನವೆಂಬರ್ 19ರಂದು ಅಮೆರಿಕದಲ್ಲಿ, ಡಿಸೆಂಬರ್ 2ರಂದು ಜಪಾನಿನಲ್ಲಿ ‘ವೀ’ ಅಂಗಡಿಗೆ ಬಂತು. ಬೆಲೆ ಸುಮಾರು 250 ಡಾಲರ್. ಅದೇ ತಿಂಗಳು ಬಂದ ಪ್ಲೇಸ್ಟೇಷನ್ 3ರ ಬೆಲೆ ಕನಿಷ್ಠ 499 ಡಾಲರ್. ಹೆಸರು ಕೇಳಿ ನಕ್ಕವರು ಬಹಳ. ಇಂಗ್ಲಿಷಿನಲ್ಲಿ ‘ನಾವು’ ಎಂಬ ಪದದ ಉಚ್ಚಾರವೇ ಅದಕ್ಕೂ ಇದೆ. ಬರೆದಾಗ ಕೊನೆಯಲ್ಲಿ ಬರುವ ಎರಡು ಚಿಕ್ಕ ಅಕ್ಷರಗಳು ಅಕ್ಕಪಕ್ಕ ನಿಂತ ಇಬ್ಬರು ಮನುಷ್ಯರಂತೆ ಕಾಣುತ್ತವೆ.

ಒಳಗಿದ್ದದ್ದು ಯೊಕೋಯಿಯ ಸೂತ್ರವೇ. ಕೈಯ ಚಲನೆಯನ್ನು ಅಳೆಯುವ ಅಕ್ಸೆಲೆರೋಮೀಟರ್ ಎಂಬ ಚಿಪ್ಪು ಆಗ ಹೊಸದೇನಲ್ಲ. ಕಾರು ಡಿಕ್ಕಿ ಹೊಡೆದಾಗ ಗಾಳಿಚೀಲ ಬಿಚ್ಚಿಕೊಳ್ಳಲು ಸೂಚನೆ ಕೊಡುವ ಕೆಲಸವನ್ನು ಅಂಥ ಚಿಪ್ಪುಗಳು 1990ರ ದಶಕದಿಂದಲೇ ಮಾಡುತ್ತಿದ್ದವು. ಅದರೊಳಗೆ ಸಿಲಿಕಾನಿನ ಅತಿ ಸಣ್ಣ ತುಣುಕೊಂದು ಅಷ್ಟೇ ಸಣ್ಣ ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ವಾಲುವಂತೆ, ಕೈ ಬೀಸಿದಾಗ ಆ ತುಣುಕೂ ವಾಲುತ್ತದೆ. ಎಷ್ಟು ವಾಲಿತು ಎಂಬುದನ್ನು ವಿದ್ಯುತ್ತಿನ ಲೆಕ್ಕದಲ್ಲಿ ಹಿಡಿದರೆ ಕೈಯ ರಭಸ ತಿಳಿಯಿತು. ಭೂಮಿಯ ಸೆಳೆತವೂ ಅದನ್ನು ಸದಾ ಕೆಳಕ್ಕೆ ಎಳೆಯುವುದರಿಂದ ರಿಮೋಟು ಯಾವ ಕಡೆ ಓರೆಯಾಗಿದೆ ಎಂಬುದೂ ತಿಳಿಯಿತು. ಟಿವಿಯ ಮೇಲೆ ಇಡುವ ಕಡ್ಡಿಯಂಥ ಪಟ್ಟಿಯನ್ನು ‘ಸೆನ್ಸರ್ ಬಾರ್’ ಎನ್ನುತ್ತಿದ್ದರು. ಆದರೆ ಅದು ಏನನ್ನೂ ಗ್ರಹಿಸುತ್ತಿರಲಿಲ್ಲ. ಅದರ ಎರಡು ತುದಿಗಳಲ್ಲಿ ಕಣ್ಣಿಗೆ ಕಾಣದ ಅವಗೆಂಪು ದೀಪಗಳಿದ್ದವು, ಅಷ್ಟೆ. ನೋಡುವ ಕಣ್ಣು ಇದ್ದದ್ದು ರಿಮೋಟಿನ ಮೂತಿಯಲ್ಲಿ. ಆ ಪಟ್ಟಿ ಕೆಟ್ಟುಹೋದರೆ ಟಿವಿಯ ಮುಂದೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ಸಾಕು, ಆಟ ನಡೆಯುತ್ತಿತ್ತು.

ಜಪಾನು, ದಕ್ಷಿಣ ಕೊರಿಯಾ ಬಿಟ್ಟು ಬೇರೆಡೆ ಪೆಟ್ಟಿಗೆಯ ಜೊತೆಗೇ ‘ವೀ ಸ್ಪೋರ್ಟ್ಸ್’ ಎಂಬ ಆಟವನ್ನು ಕೊಡುತ್ತಿದ್ದರು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್. ಟೆನಿಸ್ ಆಡಲು ರಾಕೆಟ್ ಬೀಸುವಂತೆ ಕೈ ಬೀಸಿದರಾಯಿತು. ಎಲ್ಲಿ ನಿಲ್ಲಬೇಕು, ಯಾವ ಕಡೆ ಓಡಬೇಕು ಎಂಬ ತಲೆಬಿಸಿಯಿಲ್ಲ, ಅದನ್ನು ಯಂತ್ರವೇ ನೋಡಿಕೊಳ್ಳುತ್ತಿತ್ತು. ಉತ್ಸಾಹ ಎಷ್ಟಿತ್ತೆಂದರೆ ಮೊದಲ ಕೆಲವೇ ವಾರಗಳಲ್ಲಿ ಬೆವರಿದ ಕೈಗಳಿಂದ ರಿಮೋಟುಗಳು ಜಾರಿ, ಮಣಿಕಟ್ಟಿನ ದಾರ ಕಿತ್ತು, ಟಿವಿಗಳಿಗೆ ಬಡಿದವು. 2006ರ ಡಿಸೆಂಬರಿನಲ್ಲೇ ಕಂಪನಿ ಸುಮಾರು 32 ಲಕ್ಷ ದಾರಗಳನ್ನು ಬದಲಿಸಿ, ಇನ್ನೂ ದಪ್ಪನೆಯದನ್ನು ಕೊಡಲು ಮುಂದಾಯಿತು. ಮರುವರ್ಷ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಪುಟ್ಟ ಪತ್ರ ಅಚ್ಚಾಯಿತು. 29 ವರ್ಷದ ಆರೋಗ್ಯವಂತ ವೈದ್ಯನೊಬ್ಬ ಬೆಳಗ್ಗೆ ಏಳುವಾಗ ಬಲ ಹೆಗಲು ಹಿಡಿದುಕೊಂಡಿತ್ತು. ಹಿಂದಿನ ದಿನ ಗಂಟೆಗಟ್ಟಲೆ ಟೆನಿಸ್ ಆಡಿದ್ದ, ಟಿವಿಯ ಮುಂದೆ! ರೋಗಕ್ಕೆ ‘ವೀಐಟಿಸ್’ ಎಂದು ಹೆಸರಿಡಲಾಯಿತು. ನಿಜವಾದ ಟೆನಿಸ್ ಆಟಗಾರ ದಣಿದರೆ ನಿಲ್ಲಿಸುತ್ತಾನೆ, ಇಲ್ಲಿ ದಣಿವು ಗೊತ್ತಾಗುವ ಮೊದಲೇ ಹೆಗಲು ಸೋತಿತ್ತು.

ಇದಕ್ಕೆ ತದ್ವಿರುದ್ಧವಾದ ಜಾಣರೂ ಇದ್ದರು. ಮಕ್ಕಳು ವಾರದೊಳಗೆ ಗುಟ್ಟು ಕಂಡುಹಿಡಿದರು. ಚಿಪ್ಪು ಅಳೆಯುವುದು ರಿಮೋಟಿನ ರಭಸವನ್ನೇ ಹೊರತು ಆಡುವವನ ಶ್ರಮವನ್ನಲ್ಲ. ಸೋಫಾದ ಮೇಲೆ ಒರಗಿಕೊಂಡು ಮಣಿಕಟ್ಟನ್ನು ಚಕ್ಕನೆ ತಿರುಗಿಸಿದರೂ ಚೆಂಡು ಅಷ್ಟೇ ದೂರ ಹೋಗುತ್ತದೆ. ಇನ್ನು ಮಕ್ಕಳು ಟಿವಿಯ ಮುಂದೆಯೇ ವ್ಯಾಯಾಮ ಮಾಡುತ್ತಾರೆ ಎಂದು ಹಿಗ್ಗಿದ್ದ ತಂದೆತಾಯಿಗಳಿಗೆ ವಿಜ್ಞಾನಿಗಳೂ ತಣ್ಣೀರೆರಚಿದರು. 2007ರಲ್ಲಿ ಬ್ರಿಟನ್ನಿನಲ್ಲಿ 13ರಿಂದ 15 ವರ್ಷದ 11 ಮಕ್ಕಳನ್ನು ಪರೀಕ್ಷಿಸಿದಾಗ, ಕುಳಿತು ಆಡುವ ಆಟಕ್ಕಿಂತ ವೀ ಆಡುವಾಗ ಶೇಕಡಾ 51ರಷ್ಟಾದರೂ ಹೆಚ್ಚು ಶಕ್ತಿ ವ್ಯಯವಾಗುತ್ತಿತ್ತು, ನಿಜ. ಆದರೆ ಅದು ಮೈದಾನದ ಆಟಕ್ಕೆ ಸಮವಾಗಿರಲಿಲ್ಲ. 2012ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಿಂದ ಬಂದ ವರದಿ ಇನ್ನೂ ನಿಷ್ಠುರವಾಗಿತ್ತು. ಕೈಕಾಲು ಆಡಿಸುವ ಆಟಗಳನ್ನು ಮನೆಗೆ ಕೊಟ್ಟ ಮಕ್ಕಳು, ಕುಳಿತು ಆಡುವ ಆಟ ಕೊಟ್ಟ ಮಕ್ಕಳಿಗಿಂತ ಒಟ್ಟಾರೆ ಹೆಚ್ಚು ಚಟುವಟಿಕೆಯಿಂದ ಇರಲಿಲ್ಲ. ಲಗೋರಿಗೂ ಚಿನ್ನಿದಾಂಡಿಗೂ ಬದಲಿಯಾಗುವ ಯೋಗ್ಯತೆ ಆ ಬಿಳಿ ಪೆಟ್ಟಿಗೆಗೆ ಇರಲಿಲ್ಲ.

ಹಾಗಾದರೆ ಅದು ಸಾಧಿಸಿದ್ದೇನು? ಉತ್ತರ ಮಕ್ಕಳ ಬಳಿ ಅಲ್ಲ, ಮುದುಕರ ಬಳಿ ಇದೆ. ಅಮೆರಿಕದ ವೃದ್ಧರ ನಿವಾಸಗಳಲ್ಲಿ 2007ರ ಹೊತ್ತಿಗೆ ವೀ ಬೌಲಿಂಗ್ ಪಂದ್ಯಾವಳಿಗಳು ನಡೆಯತೊಡಗಿದವು. ಹತ್ತಾರು ವರ್ಷಗಳ ಹಿಂದೆ ನಿಜವಾದ ಬೌಲಿಂಗ್ ಆಡುತ್ತಿದ್ದು, ಆ ಭಾರದ ಚೆಂಡನ್ನು ಎತ್ತಲಾಗದೆ ಬಿಟ್ಟವರು ಮತ್ತೆ ಆಡಿದರು. ಗಾಲಿಕುರ್ಚಿಯಲ್ಲಿ ಕುಳಿತವರೂ ಆಡಿದರು. ಕೈಯಲ್ಲಿ ಬಲ ಹೋಗಿದ್ದರೂ ಬೀಸುವ ವರಸೆ ಉಳಿದಿತ್ತು.

ಮಕ್ಕಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ಕನ್ನಡದ ತಂದೆತಾಯಿಗಳ ಕಥೆಯೂ ಇಲ್ಲಿ ಸೇರುತ್ತದೆ. ಹೊರಗೆ ಹಿಮ, ಕಾರು ಓಡಿಸಲು ಬಾರದು, ಮಗ ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೂ ಗಡಿಯಾರವೇ ಸಂಗಾತಿ. ಶಾಲೆಯಿಂದ ಬಂದ ಮೊಮ್ಮಗನಿಗೂ ತಾತನಿಗೂ ನಡುವೆ ಪ್ರೀತಿಗೆ ಬರವಿಲ್ಲ, ಮಾತಿಗೆ ಬರ. ಅವನ ಕನ್ನಡ ಅರ್ಧ, ಇವರಿಗೆ ಅವನ ಇಂಗ್ಲಿಷಿನ ಧಾಟಿ ಹಿಡಿಯದು. ಅಂಥ ಮನೆಯಲ್ಲಿ ಈ ರಿಮೋಟು ಮಾತಿಗಿಂತ ಮೊದಲೇ ಕೆಲಸಕ್ಕೆ ಬರುತ್ತಿತ್ತು.

“ತಾತ, ಈ ಬಟನ್ ಒತ್ತಿ ಹಿಡ್ಕೊಳ್ಳಿ. ಕೈ ಹಿಂದೆ ತಗೊಳ್ಳಿ. ಈಗ ಬೀಸಿ, ಬಿಡಿ!”

“ಏನನ್ನೋ ಬಿಡಬೇಕು?”

“ಬಟನ್ ತಾತ, ಬಟನ್! ರಿಮೋಟ್ ಅಲ್ಲ!”

ಪಂಚೆ ಎತ್ತಿ ಕಟ್ಟಿಕೊಂಡು ಬೇಸ್‌ಬಾಲಿಗೂ ಕ್ರಿಕೆಟ್ಟಿನ ಬ್ಯಾಟು ಹಿಡಿದಂತೆ ನಿಲ್ಲುವ ತಾತನಿಗೆ ಕಲಿಸುವ ಗುರುವಿಗೆ ಎಂಟು ವರ್ಷ. ಕಲಿಯುವವನು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು. ಆ ಅದಲುಬದಲಿನ ಸುಖವನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ.

ಆ ಯಂತ್ರದಲ್ಲಿ ಇನ್ನೊಂದು ಸೌಲಭ್ಯವಿತ್ತು. ‘ಮೀ’ ಎಂಬ ಬೊಂಬೆಗಳು. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬೊಂಬೆ ಮಾಡಬಹುದು. ಮುಖದ ಆಕಾರ, ಹುಬ್ಬು, ಮೀಸೆ, ಕನ್ನಡಕ, ನರೆತ ಕೂದಲು, ಎಲ್ಲವನ್ನೂ ಆರಿಸಿ ಜೋಡಿಸಿದರೆ ಅಜ್ಜಿ ಅಜ್ಜಿಯಂತೆ, ತಾತ ತಾತನಂತೆ ಕಾಣುತ್ತಿದ್ದರು. ಒಮ್ಮೆ ಮಾಡಿದ ಬೊಂಬೆ ಅಳಿಸುವವರೆಗೂ ಅಲ್ಲೇ ಇರುತ್ತಿತ್ತು. ಮನೆಯವರೊಬ್ಬರು ಬೇಸ್‌ಬಾಲ್ ಆಡಲು ನಿಂತರೆ ಉಳಿದ ಬೊಂಬೆಗಳು ತಂಡದ ಆಟಗಾರರಾಗಿ ಮೈದಾನಕ್ಕೆ ಬರುತ್ತಿದ್ದವು. ಆರು ತಿಂಗಳು ಮುಗಿದು ತಾತ ಊರಿಗೆ ಹೊರಟ ಮೇಲೂ ಅವರ ಬೊಂಬೆ ಕನ್ನಡಕ ಹಾಕಿಕೊಂಡು ಚೆಂಡು ಹಿಡಿಯಲು ನಿಂತಿರುತ್ತಿತ್ತು. ಕೆಲವು ಮನೆಗಳಲ್ಲಿ ಆ ತಾತ ಮತ್ತೆಂದೂ ಬರಲಿಲ್ಲ. ಗೋಡೆಯ ಮೇಲಿನ ಫೋಟೋಗೆ ಹಾರ ಬಿತ್ತು, ಬೊಂಬೆ ಮಾತ್ರ ಆಡುತ್ತಲೇ ಇತ್ತು. ಅದನ್ನು ಅಳಿಸು ಎಂದು ಮೊಮ್ಮಗನಿಗೆ ಹೇಳುವವರು ಯಾರು?

2007ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ವೀ ಫಿಟ್’ ಬಂತು. ಅದೊಂದು ತೂಕದ ಮಣೆ. ದಿನವೂ ತೂಕ ನೋಡಿಕೊಂಡು ಬರೆದಿಡುವ ಅಭ್ಯಾಸವಿದ್ದ ಶಿಗೆರು ಮಿಯಾಮೋಟೋನ, ಅಂದರೆ ಮಾರಿಯೋನ ಸೃಷ್ಟಿಕರ್ತನ, ತಲೆಯಲ್ಲಿ ಹುಟ್ಟಿದ್ದು. ಮಣೆಯೊಳಗಿನ ನಾಲ್ಕು ಸೆನ್ಸರುಗಳು ನಿಂತವನ ಭಾರ ಯಾವ ಕಡೆ ವಾಲಿದೆ ಎಂದು ಹೇಳುತ್ತಿದ್ದವು. ಅದರ ಮೇಲೆ ಮಾಡಲೆಂದು ಕೊಟ್ಟದ್ದರಲ್ಲಿ ಯೋಗಾಸನಗಳೂ ಇದ್ದವು. ಸೂರ್ಯನಮಸ್ಕಾರ, ವೃಕ್ಷಾಸನ, ಭುಜಂಗಾಸನ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಕಲಿಸಿದ ವಿದ್ಯೆ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸರಂಥ ಶಿಷ್ಯರ ಮೂಲಕ ಜಗತ್ತನ್ನು ಸುತ್ತಿತು. ಜಗತ್ತಿಗೆ ಆಸನಗಳು ಪರಿಚಯವಾದ ದೊಡ್ಡ ದಾರಿಗಳಲ್ಲಿ ಅದೂ ಒಂದು. ಅಂಥ ಆಸನಗಳು ಈಗ ಕ್ಯೋಟೋದ ಮಣೆಯೇರಿ ಮನೆಯ ನಡುಕೋಣೆಗೆ ಬಂದವು. ವೃಕ್ಷಾಸನದಲ್ಲಿ ಒಂಟಿಕಾಲ ಮೇಲೆ ನಿಂತವನು ಎಷ್ಟು ಅಲುಗುತ್ತಾನೆ ಎಂದು ತೆರೆಯ ಮೇಲೊಂದು ಚುಕ್ಕಿ ನಡುಗಿ ತೋರಿಸುತ್ತಿತ್ತು. ಮೈಯನ್ನು ತಿದ್ದುವ ಗುರುವಿನ ಕೈ ಅಲ್ಲಿರಲಿಲ್ಲ. ಬೆನ್ನು ಬಾಗಿದ್ದರೂ ಉಸಿರು ತಪ್ಪಿದ್ದರೂ ಮಣೆಗೆ ತಿಳಿಯದು, ಪಾದದ ಭಾರ ಮಾತ್ರ ತಿಳಿಯುವುದು.

ಮೈಯ ಎಲ್ಲ ಮಾತು ಯಂತ್ರಕ್ಕೆ ಕೇಳಿಸುವುದಿಲ್ಲ ಎಂಬುದು ಹೀಗೆ ಮತ್ತೆ ಮತ್ತೆ ತಿಳಿಯುತ್ತಿತ್ತು. ಆದರೂ ಆಸ್ಪತ್ರೆಗಳು ಆಸೆಯಿಂದ ನೋಡಿದವು. ಲಕ್ವ ಹೊಡೆದವರ ಕೈ ಮತ್ತೆ ಆಡಬೇಕಾದರೆ ಒಂದೇ ಚಲನೆಯನ್ನು ನೂರಾರು ಸಲ ಮಾಡಿಸಬೇಕು. ಗೋಡೆಯ ಮೇಲೆ ಬೆರಳು ಹತ್ತಿಸು, ಬಟ್ಟಲು ಎತ್ತು, ಇಳಿಸು. ರೋಗಿಗೆ ಬೇಸರ, ಮಾಡಿಸುವವರಿಗೂ ಬೇಸರ. ಅದನ್ನೇ ಆಟವಾಗಿ ಮಾಡಿಸಿದರೆ? 2010ರಲ್ಲಿ ಕೆನಡಾದ ಟೊರಾಂಟೋದಲ್ಲಿ 22 ರೋಗಿಗಳ ಮೇಲೆ ನಡೆದ ಪುಟ್ಟ ಪ್ರಯೋಗದಲ್ಲಿ ವೀ ಆಡಿದವರ ಕೈ ಹೆಚ್ಚು ಚುರುಕಾಯಿತು. ಸುದ್ದಿ ಎಲ್ಲೆಡೆ ಹಬ್ಬಿತು.

ಅದೇ ಸಂಶೋಧಕರು ಅಷ್ಟಕ್ಕೇ ನಿಲ್ಲಿಸದೆ ದೊಡ್ಡ ಪರೀಕ್ಷೆಗೆ ಇಳಿದರು. ನಾಲ್ಕು ದೇಶಗಳ 141 ರೋಗಿಗಳು. ಎಲ್ಲರಿಗೂ ಮಾಮೂಲಿನ ಚಿಕಿತ್ಸೆ ಇದ್ದೇ ಇತ್ತು. ಅದರ ಮೇಲೆ ಎರಡು ವಾರಗಳಲ್ಲಿ ಹತ್ತು ಸಲ, ಒಂದೊಂದು ಗಂಟೆ, ಅರ್ಧ ಜನರಿಗೆ ವೀ. ಉಳಿದ ಅರ್ಧಕ್ಕೆ ಸಾಮಾನ್ಯ ಆಟಗಳು: ಬಿಂಗೊ, ಮರದ ತುಂಡುಗಳನ್ನು ಪೇರಿಸುವ ಜೆಂಗಾ, ಮತ್ತು ಇಸ್ಪೀಟು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಗುಂಪಿನವರ ಕೈ ಸುಧಾರಿಸಿತ್ತು. ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಿಂಟೆಂಡೊದ ಅತ್ಯಂತ ಜಾಣ ಯಂತ್ರವನ್ನು ಸರಿಗಟ್ಟಿದ್ದರಲ್ಲಿ ನಿಂಟೆಂಡೊ ತನ್ನ ಹೊಟ್ಟೆಪಾಡು ಆರಂಭಿಸಿದ ಇಸ್ಪೀಟಿನ ಎಲೆಗಳೂ ಇದ್ದವು!

ಇದನ್ನು ಯಂತ್ರದ ಸೋಲು ಎಂದು ಬರೆದವರಿದ್ದಾರೆ. ಹಾಗೆನ್ನುವುದು ಅವಸರ. ಲಕ್ವದಿಂದ ಕೈ ಬಿದ್ದವನಿಗೆ ಎಲೆಯೊಂದನ್ನು ಎತ್ತಿ ಬೀಳಿಸದೆ ಹಿಡಿದುಕೊಳ್ಳುವುದು ಕಡಿಮೆ ಸಾಹಸವಲ್ಲ. ಆಟ ಹಳೆಯದೋ ಹೊಸದೋ ಎಂಬುದು ಕೈಗೆ ಬೇಕಾಗಿಲ್ಲ. ಅದಕ್ಕೆ ಎತ್ತಲು ಒಂದು ಕಾರಣ ಬೇಕು, ಮತ್ತೆ ಮತ್ತೆ ಎತ್ತಲು ಆಸೆ ಬೇಕು. ದುಬಾರಿ ಯಂತ್ರ ತರಲಾಗದ ಮನೆಯವರಿಗೆ ಆ ಪರೀಕ್ಷೆ ಹೇಳಿದ್ದು ಸಮಾಧಾನದ ಮಾತೇ: ಒಂದು ಕಟ್ಟು ಎಲೆ, ಎದುರಿಗೆ ಕುಳಿತು ಆಡುವ ಒಬ್ಬ ಮನುಷ್ಯ, ಇವೂ ಕಡಿಮೆಯೇನಲ್ಲ.

ವೀ ಒಟ್ಟು ಹತ್ತು ಕೋಟಿ ಹದಿನಾರು ಲಕ್ಷ ಮಾರಾಟವಾಯಿತು. ಪ್ರತಿಸ್ಪರ್ಧಿಗಳೂ 2010ರಲ್ಲಿ ತಮ್ಮ ತಮ್ಮ ಚಲನೆಯ ಆಟಗಳನ್ನು ತಂದರು. ಕೈಯಲ್ಲಿ ಏನನ್ನೂ ಹಿಡಿಯದೆ ಇಡೀ ಮೈಯನ್ನು ನೋಡುವ ಮೈಕ್ರೋಸಾಫ್ಟಿನ ‘ಕೈನೆಕ್ಟ್’ ಅವುಗಳಲ್ಲೊಂದು. 2017ರಲ್ಲಿ ಅದರ ತಯಾರಿಕೆ ನಿಂತಿತು. ವೀ ನಂತರ ಬಂದ ‘ವೀ ಯು’ ಒಂದು ಕೋಟಿ ಮೂವತ್ತೈದು ಲಕ್ಷಕ್ಕೆ ಮುಗ್ಗರಿಸಿತು. ಹೊಸ ಆಟಗಾರರಾಗಿ ಬಂದ ಅಜ್ಜಿ ತಾತಂದಿರು ಬೌಲಿಂಗ್ ಒಂದೇ ಸಾಕು ಎಂದು ಅಲ್ಲೇ ಉಳಿದರು, ಮುಂದಿನ ಪೆಟ್ಟಿಗೆ ಕೊಳ್ಳಲಿಲ್ಲ. ಇವಾತ 2015ರಲ್ಲಿ, 55ನೆಯ ವಯಸ್ಸಿನಲ್ಲಿ ತೀರಿಕೊಂಡ. ವೀ ಪೆಟ್ಟಿಗೆಗೆ ಆಟ ಮಾರುತ್ತಿದ್ದ ಆನ್‌ಲೈನ್ ಅಂಗಡಿ 2019ರ ಜನವರಿ 30ರಂದು ಬಾಗಿಲು ಹಾಕಿತು. ಆ ಚಿಪ್ಪಿನ ವಂಶ ಮಾತ್ರ ಬೆಳೆಯಿತು. ಇಂದು ಪ್ರತಿಯೊಬ್ಬರ ಜೇಬಿನ ಮೊಬೈಲಿನಲ್ಲೂ ಅದು ಕುಳಿತು ಹೆಜ್ಜೆ ಎಣಿಸುತ್ತಿದೆ.

ಎಣಿಸುವುದಕ್ಕೂ ಆಡುವುದಕ್ಕೂ ಎಷ್ಟು ಅಂತರ! ಹತ್ತು ಸಾವಿರ ಹೆಜ್ಜೆ ಆಯಿತೇ ಎಂದು ಫೋನು ನೋಡಿಕೊಳ್ಳುವವನು ಒಬ್ಬನೇ ನಡೆಯುತ್ತಾನೆ. ಟಿವಿಯ ಮುಂದೆ ನಿಂತು ಗಾಳಿಯಲ್ಲಿ ಚೆಂಡು ಬಿಟ್ಟವರ ಬೆನ್ನ ಹಿಂದೆ ಯಾರಾದರೊಬ್ಬರು ಇರುತ್ತಿದ್ದರು. ನಗಲು, ತಪ್ಪು ಹೇಳಿಕೊಡಲು, ಮುಂದಿನ ಸರದಿ ತನ್ನದೆಂದು ರಿಮೋಟು ಕಿತ್ತುಕೊಳ್ಳಲು.